ಕೈ ಸುಮ್ಮನಿದ್ದರೂ ಮನಸ್ಸು ಸುಮ್ಮನಿಲ್ಲ: ಓಸಿಡಿಯ ಕಾಣದ ಆಚರಣೆಗಳು

ಓಸಿಡಿ (ಬೇಡದ ಯೋಚನೆ ಗೀಳಾಗಿ ಕಾಡುವ, ಅದನ್ನು ತಣಿಸಲು ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಮಾನಸಿಕ ಕಾಯಿಲೆ) ಅಂದ ಕೂಡಲೇ ಕೈ ತೊಳೆಯುವವರು, ಹಾಕಿದ ಬೀಗವನ್ನು ಎಳೆದೆಳೆದು ನೋಡುವವರು ಕಣ್ಣಮುಂದೆ ಬರುತ್ತಾರೆ. ಅಂಥವರು ಇದ್ದಾರೆ, ಅವರ ಕಷ್ಟವೂ ನಿಜ. ಆದರೆ ಈ ಕಾಯಿಲೆ ಇರುವ ಎಷ್ಟೋ ಜನ ಹೊರಗೆ ಏನೂ ಮಾಡುವುದಿಲ್ಲ. ಕುರ್ಚಿಯಲ್ಲಿ ಕೂತಿರುತ್ತಾರೆ, ಕೈಯಲ್ಲಿ ಪುಸ್ತಕವಿರುತ್ತದೆ, ಅರ್ಧ ಗಂಟೆಯಾದರೂ ಪುಟ ತಿರುಗಿರುವುದಿಲ್ಲ. ಒಳಗೆ ಮಾತ್ರ ಎಡೆಬಿಡದೆ ಕೆಲಸ ನಡೆದಿರುತ್ತದೆ. ನಿನ್ನೆ ಆಡಿದ ಮಾತನ್ನು ಮೊದಲಿಂದ ಕೊನೆಯವರೆಗೆ ನೆನಪಿಸಿಕೊಳ್ಳುವುದು, ಕೆಟ್ಟ ಚಿತ್ರವೊಂದು ಬಂದರೆ ಅದರ ಮೇಲೆ ಒಳ್ಳೆಯ ಚಿತ್ರ ತಂದು ಮುಚ್ಚುವುದು, ಒಂದೇ ವಾಕ್ಯವನ್ನು 'ಸರಿ' ಅನ್ನಿಸುವವರೆಗೆ ಮನಸ್ಸಿನಲ್ಲೇ ಹೇಳುವುದು, 'ನಾನು ಅಂಥವನಾ?' ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು. ಪಕ್ಕದಲ್ಲಿ ಕೂತವರಿಗೆ ಇದರ ಸುಳಿವೂ ಸಿಗುವುದಿಲ್ಲ. ಕೆಲವೊಮ್ಮೆ ಮಾಡುತ್ತಿರುವವರಿಗೇ ಗೊತ್ತಿರುವುದಿಲ್ಲ. ಕೇಳಿದರೆ, 'ನನಗೆ ಬರೀ ಯೋಚನೆ ಬರುತ್ತೆ ಅಷ್ಟೇ, ನಾನೇನೂ ಮಾಡಲ್ಲ' ಎನ್ನುತ್ತಾರೆ.

ಈ ಬಗೆಯ ಓಸಿಡಿಗೆ 'ಪ್ಯೂರ್ ಓ' ಎಂಬ ಹೆಸರು ಅಂತರ್ಜಾಲದಲ್ಲಿ ಬೇರೂರಿದೆ. ಅಂದರೆ ಬರೀ ಗೀಳು ಯೋಚನೆ, ಅದರ ಜೊತೆ ಯಾವ ಆಚರಣೆಯೂ (ಆತಂಕ ಇಳಿಸಲು ಮತ್ತೆ ಮತ್ತೆ ಮಾಡುವ ಕೆಲಸ) ಇಲ್ಲ ಎಂಬ ಅರ್ಥ. ಹೆಸರು ಒಂದು ಉಪಕಾರ ಮಾಡಿದೆ: ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದ ಅನೇಕರಿಗೆ ತಮ್ಮಂಥವರು ಬೇರೆಯವರೂ ಇದ್ದಾರೆ ಎಂದು ತಿಳಿಯಿತು. ಆದರೆ ಅದು ಹಾದಿಯನ್ನೂ ತಪ್ಪಿಸಿದೆ. ಸರಿಯಾದ ಪ್ರಶ್ನೆ ಕೇಳುತ್ತಾ ಹೋದರೆ ಇಂಥವರಲ್ಲಿ ಆಚರಣೆಗಳು ಸಿಕ್ಕೇ ಸಿಗುತ್ತವೆ, ಬಹುಪಾಲು ತಲೆಯೊಳಗೆ ಇರುತ್ತವೆ. 2013ರಲ್ಲಿ ಬಂದ ಡಿಎಸ್‌ಎಂ-5 (ಮಾನಸಿಕ ಕಾಯಿಲೆ ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಕೈಪಿಡಿ) ಕೂಡ ಒತ್ತಾಯದ ಕ್ರಿಯೆಗಳನ್ನು, ಅಂದರೆ ಆಚರಣೆಗಳನ್ನು, ವಿವರಿಸುವಾಗ ಕೈ ತೊಳೆಯುವುದು, ಪರೀಕ್ಷಿಸುವುದರ ಜೊತೆಯಲ್ಲೇ ಮನಸ್ಸಿನಲ್ಲಿ ಪ್ರಾರ್ಥಿಸುವುದು, ಎಣಿಸುವುದು, ಪದಗಳನ್ನು ಮೌನವಾಗಿ ಪುನರುಚ್ಚರಿಸುವುದನ್ನೂ ಹೇಳುತ್ತದೆ. 'ನಾನೇನೂ ಮಾಡಲ್ಲ' ಎಂದು ನಂಬಿದವರಿಗೆ ಚಿಕಿತ್ಸೆಯಲ್ಲಿ ಬಿಡಲು ಏನೂ ಉಳಿಯುವುದಿಲ್ಲ. ಮಾಡುತ್ತಿರುವುದು ಏನೆಂದು ಕಂಡವರಿಗೆ ಬಿಡಲು ಏನೋ ಒಂದು ಸಿಗುತ್ತದೆ.

ಬರುವುದು ಎಲ್ಲಿ ಮುಗಿಯುತ್ತದೆ, ಮಾಡುವುದು ಎಲ್ಲಿ ಶುರುವಾಗುತ್ತದೆ

ರೈಲು ನಿಲ್ದಾಣದಲ್ಲಿ ನಿಂತಿರುವ ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳಿ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದಾರೆ. ರೈಲು ಹತ್ತಿರ ಬರುತ್ತಿದೆ. ತಟ್ಟನೆ ಒಂದು ಯೋಚನೆ: 'ಇವರನ್ನು ತಳ್ಳಿಬಿಟ್ಟರೆ?' ಇದಕ್ಕೆ ಹಿಡಿದದ್ದು ಒಂದು ಸೆಕೆಂಡ್. ಇದು ತಾನಾಗಿ ಬಂದದ್ದು, ಅವನು ಕರೆದದ್ದಲ್ಲ. ಎದೆ ಧಸಕ್ಕೆನ್ನುತ್ತದೆ. ಅದೂ ತಾನಾಗಿ ಬಂದದ್ದೇ.

ಮುಂದಿನದನ್ನು ನಿಧಾನವಾಗಿ ನೋಡಬೇಕು. ಅವನು ಆ ಒಂದು ಸೆಕೆಂಡನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡುತ್ತಾನೆ: ಯೋಚನೆ ಬಂದಾಗ ನನಗೆ ನಿಜವಾಗಿಯೂ ತಳ್ಳಬೇಕು ಅನ್ನಿಸಿತಾ? ತೋಳಿನತ್ತ ಗಮನ ಹರಿಸುತ್ತಾನೆ: ಸ್ನಾಯು ಬಿಗಿಯಾಯಿತಾ? ಸ್ವಲ್ಪ ಬಿಗಿಯಾದಂತಿದೆ. ಗಾಬರಿ ಏರುತ್ತದೆ. 'ನಾನು ಅಂಥವನಲ್ಲ' ಎಂದು ಒಳಗೇ ಹೇಳಿಕೊಳ್ಳುತ್ತಾನೆ. ಸಾಲುವುದಿಲ್ಲ. ತಾನು ಯಾರಿಗೋ ಸಹಾಯ ಮಾಡಿದ ಎರಡು ಮೂರು ಸಂದರ್ಭಗಳನ್ನು ಸಾಕ್ಷಿಗೆ ತರುತ್ತಾನೆ. ಬಳಿಕ ಆ ಹೆಂಗಸು ಕ್ಷೇಮವಾಗಿ ರೈಲು ಹತ್ತುವ ಚಿತ್ರ ಕಲ್ಪಿಸುತ್ತಾನೆ. ಚಿತ್ರದ ನಡುವೆ ಆಕೆ ಜಾರಿದಂತಾಗುತ್ತದೆ, ಆದ್ದರಿಂದ ಮೊದಲಿಂದ ಕಲ್ಪಿಸುತ್ತಾನೆ. ಮೂರನೆಯ ಸಲ ಚಿತ್ರ ಸರಿಯಾಗಿ ಮುಗಿಯುತ್ತದೆ. ಹಾಯೆನಿಸುತ್ತದೆ. ರಾತ್ರಿ ಮಲಗಿದಾಗ, 'ಅಷ್ಟು ಬೇಗ ಸಮಾಧಾನ ಯಾಕಾಯಿತು? ನನಗೆ ಅದು ಇಷ್ಟವೇ ಇತ್ತಾ?' ಎಂಬ ಪ್ರಶ್ನೆ ಏಳುತ್ತದೆ, ಇಡೀ ವಿಚಾರಣೆ ಮತ್ತೆ ಶುರುವಾಗುತ್ತದೆ.

ಗೀಳು ಯೋಚನೆ ಒಂದು ಸೆಕೆಂಡಿನದು. ಉಳಿದದ್ದೆಲ್ಲ ಕೆಲಸ. ಅವನು ವೈದ್ಯರ ಬಳಿ ಹೋಗಿ 'ದಿನಕ್ಕೆ ಮೂರು ಗಂಟೆ ಯೋಚನೆ ಬರುತ್ತೆ' ಎಂದರೆ ಅದು ಪೂರ್ತಿ ನಿಜವಲ್ಲ. ಕೆಲವು ಸೆಕೆಂಡು ಯೋಚನೆ ಬರುತ್ತದೆ, ಮೂರು ಗಂಟೆ ಅವನು ಅದರ ಮೇಲೆ ದುಡಿಯುತ್ತಾನೆ. ಈ ವ್ಯತ್ಯಾಸ ಯಾರನ್ನೂ ದೂರುವುದಕ್ಕಲ್ಲ. ಭಯದಲ್ಲಿರುವ ಮನುಷ್ಯ ಹಾಗೆ ಮಾಡುವುದು ಸಹಜ. ಆದರೆ ಬರುವುದನ್ನು ತಡೆಯಲು ಯಾರಿಂದಲೂ ಆಗದು, ಮಾಡುವುದನ್ನು ಬಿಡಲು ಕಲಿಯಬಹುದು. ಚಿಕಿತ್ಸೆ ನಿಂತಿರುವುದು ಇದರ ಮೇಲೆ.

ಯಾವುದು ಬಂದದ್ದು, ಯಾವುದು ಮಾಡಿದ್ದು ಎಂದು ಗೊಂದಲವಾದಾಗ ಕೆಲವು ಗುರುತುಗಳನ್ನು ಹಿಡಿಯಬಹುದು. ಬಂದದ್ದು ಆತಂಕವನ್ನು ಏರಿಸುತ್ತದೆ, ಮಾಡಿದ್ದು ಅದನ್ನು ಇಳಿಸುವ ಉದ್ದೇಶದಿಂದ ನಡೆಯುತ್ತದೆ (ಪ್ರತಿ ಸಲ ಇಳಿಸದಿದ್ದರೂ). ಮಾಡಿದ್ದಕ್ಕೆ ಒಂದು ಗುರಿ ಇರುತ್ತದೆ: ಖಚಿತವಾಗಬೇಕು, ಶುದ್ಧವಾಗಬೇಕು, ರದ್ದಾಗಬೇಕು. ಅದಕ್ಕೆ ಮುಗಿಯುವ ನಿಯಮವೊಂದು ಇರುತ್ತದೆ, ಸಾಮಾನ್ಯವಾಗಿ 'ಸರಿ ಅನ್ನಿಸುವವರೆಗೆ'. ನಡುವೆ ಯಾರಾದರೂ ಮಾತಾಡಿಸಿದರೆ ಸಿಟ್ಟು ಬರುತ್ತದೆ, ಬಿಟ್ಟಲ್ಲಿಂದಲೋ ಮೊದಲಿಂದಲೋ ಮತ್ತೆ ಶುರು ಮಾಡಬೇಕೆನಿಸುತ್ತದೆ. ಈ ಕೊನೆಯ ಗುರುತು ಅತ್ಯಂತ ನಂಬಿಕಸ್ಥ ಎಂಬುದು ನನ್ನ ಅಭಿಪ್ರಾಯ. ತಾನಾಗಿ ಬರುವ ಯೋಚನೆಗೆ ಅಡ್ಡಿಯಾಯಿತೆಂದು ಯಾರೂ ಸಿಟ್ಟಾಗುವುದಿಲ್ಲ.

ಇಂಥ ಯೋಚನೆ ಯಾರಿಗೆ ಬರುವುದಿಲ್ಲ?

1978ರಲ್ಲಿ ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ರ‍್ಯಾಕ್ಮನ್ ಮತ್ತು ಪದ್ಮಲ್ ಡಿ ಸಿಲ್ವಾ ಓಸಿಡಿ ಇಲ್ಲದ ಸಾಮಾನ್ಯ ಜನರನ್ನು ಕೇಳಿ ನೋಡಿದರು. ಸುಮಾರು ಶೇ 80ರಷ್ಟು ಮಂದಿ ತಮಗೂ ಬೇಡದ ಯೋಚನೆಗಳು, ಹಠಾತ್ ಪ್ರಚೋದನೆಗಳು ಬರುತ್ತವೆ ಎಂದರು. ಯಾರಿಗೋ ಹೊಡೆಯುವುದು, ಎತ್ತರದಿಂದ ಜಿಗಿಯುವುದು, ಅಸಭ್ಯ ಚಿತ್ರಗಳು, ಪವಿತ್ರ ಎಂದು ನಂಬಿದ್ದರ ಬಗ್ಗೆ ಕೆಟ್ಟ ಮಾತು. ರೋಗಿಗಳ ಯೋಚನೆಗೂ ಇವರ ಯೋಚನೆಗೂ ವಿಷಯದಲ್ಲಿ ದೊಡ್ಡ ಅಂತರವಿರಲಿಲ್ಲ. ರೋಗಿಗಳಲ್ಲಿ ಅವು ಹೆಚ್ಚು ಸಲ ಬರುತ್ತಿದ್ದವು, ಹೆಚ್ಚು ಹೊತ್ತು ಉಳಿಯುತ್ತಿದ್ದವು, ಹೆಚ್ಚು ನೋಯಿಸುತ್ತಿದ್ದವು.

ಹಾಗಾದರೆ ಒಬ್ಬರ ತಲೆಯಲ್ಲಿ ಹಾದು ಹೋಗುವುದು ಇನ್ನೊಬ್ಬರಲ್ಲಿ ಯಾಕೆ ಕೂತುಬಿಡುತ್ತದೆ? 1985ರಲ್ಲಿ ಪಾಲ್ ಸಾಲ್ಕೊವ್‌ಸ್ಕಿಸ್ ಕೊಟ್ಟ ವಿವರಣೆ ಇಂದಿಗೂ ಉಪಯುಕ್ತ. ಯೋಚನೆಗೆ ನಾವು ಕೊಡುವ ಅರ್ಥ, ಅದರಲ್ಲೂ 'ಇದನ್ನು ತಡೆಯುವ ಹೊಣೆ ನನ್ನದೇ' ಎಂಬ ಅತಿಯಾದ ಹೊಣೆಗಾರಿಕೆ, ಅದನ್ನು ಗೀಳಾಗಿಸುತ್ತದೆ. ಇದರ ಜೊತೆ ಯೋಚನೆ ಮತ್ತು ಕೃತ್ಯ ಬೆಸೆದುಕೊಳ್ಳುತ್ತವೆ. ಅದು ಎರಡು ರೂಪದಲ್ಲಿ ಬರುತ್ತದೆ: ಕೆಟ್ಟದ್ದನ್ನು ಯೋಚಿಸಿದರೆ ಮಾಡಿದಷ್ಟೇ ಪಾಪ ಎಂಬುದು ಒಂದು, ಯೋಚಿಸಿದರೆ ಅದು ನಡೆಯುವ ಸಂಭವ ಹೆಚ್ಚುತ್ತದೆ ಎಂಬುದು ಇನ್ನೊಂದು. ಮಗುವಿಗೆ ಅಪಘಾತವಾದ ಚಿತ್ರ ತಲೆಗೆ ಬಂದ ತಾಯಿ ಎರಡನೆಯದನ್ನು ನಂಬಿದ್ದರೆ, ಆ ಚಿತ್ರವನ್ನು 'ರದ್ದು' ಮಾಡದೆ ಬಿಡುವುದು ಅವಳಿಗೆ ಮಗುವನ್ನೇ ಕೈಬಿಟ್ಟಂತೆ. ಅವಳ ಆಚರಣೆ ಹೊರಗಿನವರಿಗೆ ಅರ್ಥಹೀನ, ಅವಳಿಗೆ ಅದು ಮಮತೆಯ ಕರ್ತವ್ಯ. ಗೀಳು ಹೆಚ್ಚಾಗಿ ಮನುಷ್ಯನಿಗೆ ಅತ್ಯಂತ ಪ್ರಿಯವಾದದ್ದನ್ನೇ ಹಿಡಿಯುತ್ತದೆ. ಮಕ್ಕಳನ್ನು ಪ್ರೀತಿಸುವವರಿಗೆ ಮಕ್ಕಳ ಬಗ್ಗೆ, ಭಕ್ತರಿಗೆ ದೇವರ ಬಗ್ಗೆ, ಪ್ರಾಮಾಣಿಕರಿಗೆ ಮೋಸದ ಬಗ್ಗೆ.

ಆಚರಣೆ ಮಾಡಿದಾಗ ಆತಂಕ ಇಳಿಯುತ್ತದೆ, ಆ ಇಳಿತವೇ ಬಹುಮಾನ. ಮಿದುಳು ಎರಡು ಪಾಠ ಕಲಿಯುತ್ತದೆ: ಆ ಯೋಚನೆ ನಿಜಕ್ಕೂ ಅಪಾಯಕಾರಿ, ನಾವು ಬಚಾವಾದದ್ದು ಆಚರಣೆಯಿಂದಲೇ. ಮುಂದಿನ ಸಲ ಎಚ್ಚರಿಕೆಯ ಗಂಟೆ ಬೇಗ ಬಾರಿಸುತ್ತದೆ, ಜೋರಾಗಿ ಬಾರಿಸುತ್ತದೆ. ಮನಸ್ಸಿನೊಳಗಿನ ಆಚರಣೆಗೆ ಈ ಚಕ್ರ ಇನ್ನೂ ಬಿಗಿ, ಯಾಕೆಂದರೆ ಅದಕ್ಕೆ ನೀರು ಬೇಡ, ಸೋಪು ಬೇಡ, ಏಕಾಂತವೂ ಬೇಡ. ಸಭೆಯಲ್ಲಿ, ಊಟದಲ್ಲಿ, ಮಾತಿನ ಮಧ್ಯೆ, ಎಲ್ಲಿ ಬೇಕಾದರೂ ಕ್ಷಣದಲ್ಲಿ ಮಾಡಬಹುದು. ಯಾರೂ ತಡೆಯುವುದಿಲ್ಲ.

'ಹಾಗಿದ್ದರೆ ಯೋಚನೆಯನ್ನೇ ತಳ್ಳಿಬಿಡೋಣ' ಎಂದರೆ ಅದೂ ಕೈಕೊಡುತ್ತದೆ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದು ಕೆಲವರಿಗೆ ಹೇಳಿದರು. ಗಂಟೆ ಬಾರಿಸುತ್ತಲೇ ಇತ್ತು. ಅದಕ್ಕಿಂತ ಮುಖ್ಯವಾಗಿ, ಆಮೇಲೆ ಯೋಚಿಸಲು ಬಿಟ್ಟಾಗ, ಮೊದಲಿಂದಲೇ ಯೋಚಿಸಲು ಬಿಟ್ಟವರಿಗಿಂತ ಅವರಿಗೆ ಕರಡಿ ಹೆಚ್ಚಾಗಿ ಬಂತು. ಯೋಚನೆ ಬಂದಿಲ್ಲ ತಾನೇ ಎಂದು ಕಾಯಲು ಮನಸ್ಸು ಆ ಯೋಚನೆಯನ್ನೇ ಕೈಯಲ್ಲಿ ಹಿಡಿದಿರಬೇಕಾಗುತ್ತದೆ.

ಒಳಗಿನ ಆಚರಣೆಗಳ ಮುಖಗಳು

ಎಣಿಸುವುದು, ಪದ ಪುನರುಚ್ಚರಿಸುವುದು, ಕೆಟ್ಟ ಸಂಖ್ಯೆಗೆ ಒಳ್ಳೆಯ ಸಂಖ್ಯೆ ಸೇರಿಸುವುದು ಸುಲಭವಾಗಿ ಗುರುತು ಸಿಗುತ್ತವೆ. ಮಾಡುವವರಿಗೇ ಅವು ವಿಚಿತ್ರ ಅನ್ನಿಸುವುದರಿಂದ ಹೇಳಿಕೊಳ್ಳುತ್ತಾರೆ. ಯೋಚಿಸುವುದರಂತೆಯೇ ಕಾಣುವ ಆಚರಣೆಗಳು ಮಾತ್ರ ತಪ್ಪಿಸಿಕೊಳ್ಳುತ್ತವೆ.

ಮೊದಲನೆಯದು ನೆನಪಿನ ಮರುಪರಿಶೀಲನೆ. ಗಾಡಿ ಓಡಿಸಿ ಬಂದವರು ದಾರಿಯಲ್ಲಿ ಯಾರಿಗಾದರೂ ತಾಗಿಸಿದೆನಾ ಎಂದು ಪ್ರತಿ ತಿರುವನ್ನೂ ಮನಸ್ಸಿನಲ್ಲಿ ಮತ್ತೆ ದಾಟುತ್ತಾರೆ. ಖಚಿತವಾಗಲಿ ಎಂದು ಮಾಡುವ ಈ ಕೆಲಸ ಖಚಿತತೆಯನ್ನೇ ತಿನ್ನುತ್ತದೆ. 2003ರಲ್ಲಿ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ಪ್ರಕಟಿಸಿದ ಪ್ರಯೋಗದಲ್ಲಿ ಓಸಿಡಿ ಇಲ್ಲದವರು ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಕೊನೆಯ ಪರೀಕ್ಷೆಯ ನೆನಪು ಸರಿಯಾಗಿಯೇ ಇತ್ತು, ಆದರೆ ಆ ನೆನಪಿನ ಸ್ಪಷ್ಟತೆ ಮತ್ತು ಅದರ ಮೇಲಿನ ನಂಬಿಕೆ ಕುಸಿದಿದ್ದವು. ಅಂದರೆ ಪರೀಕ್ಷೆಯೇ ಅನುಮಾನ ಹುಟ್ಟಿಸಿತು. ಮನಸ್ಸಿನಲ್ಲಿ ನಡೆಸುವ ಪರೀಕ್ಷೆಯಲ್ಲಿ ಇನ್ನೊಂದು ಅಪಾಯ ಸೇರುತ್ತದೆ: 'ತಾಗಿಸಿದ್ದರೆ ಹೇಗಿರುತ್ತಿತ್ತು' ಎಂದು ಪದೇ ಪದೇ ಕಲ್ಪಿಸಿದ ಚಿತ್ರ ನೆನಪಿನ ಪಕ್ಕದಲ್ಲೇ ಕೂತು, ಯಾವುದು ಕಂಡದ್ದು ಯಾವುದು ಕಲ್ಪಿಸಿದ್ದು ಎಂಬುದೇ ಮಸುಕಾಗುತ್ತದೆ.

ಎರಡನೆಯದು ಭಾವನೆಯ ತಪಾಸಣೆ. ಲೈಂಗಿಕ ಗೀಳು ಯೋಚನೆ ಇರುವವರು 'ನನಗೆ ಉದ್ರೇಕವಾಯಿತಾ?' ಎಂದು ದೇಹವನ್ನು ಗಮನಿಸುತ್ತಾರೆ. ಸಂಬಂಧದ ಬಗ್ಗೆ ಗೀಳು ಇರುವವರು ಸಂಗಾತಿಯ ಮುಖ ನೋಡಿ 'ಈಗ ಪ್ರೀತಿ ಅನ್ನಿಸುತ್ತಿದೆಯಾ?' ಎಂದು ಅಳೆಯುತ್ತಾರೆ. ಹಿಂಸೆಯ ಯೋಚನೆ ಇರುವವರು 'ನನಗೆ ಸಾಕಷ್ಟು ಅಸಹ್ಯವಾಯಿತಾ?' ಎಂದು ನೋಡಿಕೊಳ್ಳುತ್ತಾರೆ. ಈ ತಪಾಸಣೆ ಎಂದೂ ಬರಿಗೈಯಲ್ಲಿ ಮರಳುವುದಿಲ್ಲ, ಯಾಕೆಂದರೆ ದೇಹದ ಯಾವ ಭಾಗದ ಮೇಲೆ ಗಮನವಿಟ್ಟರೂ ಅಲ್ಲಿ ಏನೋ ಒಂದು ಸಂವೇದನೆ ಸಿಗುತ್ತದೆ. ಈ ಸಾಲು ಓದುವಾಗ ನಾಲಿಗೆ ಬಾಯಿಯಲ್ಲಿ ಎಲ್ಲಿ ತಾಗಿದೆ ಎಂದು ಗಮನಿಸಿ, ಅರ್ಥವಾಗುತ್ತದೆ. ಪ್ರೀತಿಯ ವಿಷಯದಲ್ಲಿ ಉಲ್ಟಾ: ಅಳೆಯಲು ಹೋದ ಕ್ಷಣವೇ ಭಾವನೆ ಆರಿಹೋಗುತ್ತದೆ. ಎರಡೂ ಕಡೆ ಫಲಿತಾಂಶ ಭಯವನ್ನೇ ದೃಢಪಡಿಸುತ್ತದೆ, ಆದ್ದರಿಂದ ಈ ಫಲಿತಾಂಶಕ್ಕೆ ಸಾಕ್ಷ್ಯದ ಬೆಲೆಯೇ ಇಲ್ಲ.

ಮೂರನೆಯದು, ಬಹುಶಃ ಎಲ್ಲಕ್ಕಿಂತ ಹೆಚ್ಚು ಹೊತ್ತು ನುಂಗುವಂಥದ್ದು, ವಾದ. ಒಳಗೆ ಒಬ್ಬ ವಕೀಲ ಆರೋಪ ಹೊರಿಸುತ್ತಾನೆ, ಇನ್ನೊಬ್ಬ ಸಮರ್ಥಿಸುತ್ತಾನೆ. ತೀರ್ಪು ಬರುವುದಿಲ್ಲ, ಬಂದರೂ ಮರುದಿನ ಮೇಲ್ಮನವಿ. 'ಇದನ್ನೊಂದು ಸಲ ಪೂರ್ತಿ ಯೋಚಿಸಿ ಬಗೆಹರಿಸಿಬಿಟ್ಟರೆ ಆಮೇಲೆ ನೆಮ್ಮದಿ' ಎಂಬುದು ಈ ಆಚರಣೆಯ ಆಮಿಷ. ಎಷ್ಟೋ ಬುದ್ಧಿವಂತರು ಇದರಲ್ಲೇ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತಾರೆ, ಉಳಿದ ಎಲ್ಲ ಕಡೆ ಯೋಚಿಸಿಯೇ ಗೆದ್ದಿರುತ್ತಾರಲ್ಲ. 'ನಾನು ಎಂದೆಂದಿಗೂ ಹಾಗೆ ಮಾಡುವುದಿಲ್ಲ' ಎಂಬುದು ಯಾರ ವಿಷಯದಲ್ಲೂ ಸಾಬೀತು ಮಾಡಲಾಗದ ಮಾತು. ಓಸಿಡಿ ಇಲ್ಲದವರು ಆ ಸಾಬೀತು ಇಲ್ಲದೆಯೇ ಬದುಕುತ್ತಾರೆ ಅಷ್ಟೇ.

ಇನ್ನು ತಪ್ಪೊಪ್ಪಿಗೆಯ ತಾಲೀಮು (ನಾಳೆ ಯಾರ ಹತ್ತಿರ ಏನು ಹೇಳಿ ಮನಸ್ಸು ಹಗುರ ಮಾಡಿಕೊಳ್ಳಲಿ ಎಂದು ವಾಕ್ಯ ಜೋಡಿಸುವುದು), ಕೆಟ್ಟ ಯೋಚನೆಯ ಬೆನ್ನಿಗೇ ಕ್ಷಮೆ ಕೇಳುವುದು, ಅಂತರ್ಜಾಲದಲ್ಲಿ ಓದಿದ ಸಮಾಧಾನದ ವಾಕ್ಯವನ್ನು ಒಳಗೇ ಮತ್ತೆ ಓದುವುದು, 'ನಾನು ಅದನ್ನು ನಿಜಕ್ಕೂ ಮಾಡಬಲ್ಲೆನಾ' ಎಂದು ಕಲ್ಪನೆಯಲ್ಲಿ ಪರೀಕ್ಷೆ ಮಾಡುವುದು, ಇವೂ ಇದೇ ಕುಲದವು. ಪ್ರಾರ್ಥನೆ ಸೂಕ್ಷ್ಮ ವಿಷಯ. ಪ್ರಾರ್ಥನೆಯೇ ರೋಗವಲ್ಲ. ಒಂದು ಅಕ್ಷರ ತಪ್ಪಿದರೂ, ನಡುವೆ ಕೆಟ್ಟ ಯೋಚನೆ ನುಸುಳಿದರೂ ಮೊದಲಿಂದ ಶುರು ಮಾಡಬೇಕಾದಾಗ, ಭಕ್ತಿಯ ಜಾಗದಲ್ಲಿ ಭಯ ಕೂತಾಗ, ಅದು ಆಚರಣೆಯಾಗಿರುತ್ತದೆ.

ಮೊದಲ ವಾರ ಬರೀ ಗುರುತಿಸುವುದು

ಬಿಡುವ ಮೊದಲು ಹಿಡಿಯಬೇಕು. ಒಂದು ವಾರ ಚಿಕ್ಕ ಟಿಪ್ಪಣಿ ಇಡಿ. ಪ್ರತಿ ಸಾಲಿನಲ್ಲಿ ನಾಲ್ಕು ಅಂಶ ಸಾಕು: ಏನು ಕೆಣಕಿತು, ಯಾವ ಬಗೆಯ ಭಯ, ಒಳಗೆ ನಾನೇನು ಮಾಡಿದೆ, ಎಷ್ಟು ಹೊತ್ತು. 'ನಿಲ್ದಾಣ, ತಳ್ಳುವ ಭಯ, ನೆನಪು ಓಡಿಸಿದೆ ಮತ್ತು ಚಿತ್ರ ಬದಲಿಸಿದೆ, 25 ನಿಮಿಷ'. ಅದಕ್ಕಿಂತ ಉದ್ದ ಬೇಡ. ಯೋಚನೆಯ ಪೂರ್ತಿ ವಿವರ ಬರೆಯತೊಡಗಿದರೆ ಟಿಪ್ಪಣಿಯೇ ವಿಚಾರಣೆಯ ಕಡತವಾಗುತ್ತದೆ. ಒಂದು ಘಟನೆ ಬರೆಯಲು ಮರೆತರೆ ಮರೆತಿರಲಿ, ಹುಡುಕಿಕೊಂಡು ಹೋಗಬೇಡಿ. ವಾರದ ಕೊನೆಗೆ ಮೂರನೆಯ ಅಂಶವನ್ನಷ್ಟೇ ಮೇಲಿಂದ ಕೆಳಗೆ ಓದಿ. ಸಾಮಾನ್ಯವಾಗಿ ಒಂದೆರಡು ಆಚರಣೆಗಳೇ ಬಹುಪಾಲು ಸಮಯ ತಿಂದಿರುತ್ತವೆ, ಭಯದ ವಿಷಯ ಬದಲಾದರೂ ಅವು ಬದಲಾಗಿರುವುದಿಲ್ಲ.

ಬಿಡುವುದು ಎಂದರೆ ನಿಜಕ್ಕೂ ಏನು

ಇಂದು ಹೆಚ್ಚು ಆಧಾರವಿರುವ ಮಾನಸಿಕ ಚಿಕಿತ್ಸೆಯ ಬೀಜ 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಪ್ರಕಟಿಸಿದ ಇಬ್ಬರು ರೋಗಿಗಳ ವರದಿಯಲ್ಲಿದೆ: ಭಯ ಹುಟ್ಟಿಸುವುದಕ್ಕೆ ಎದುರಾಗುವುದು, ಆಚರಣೆಯನ್ನು ತಡೆಯುವುದು. ಇದನ್ನೇ ಈಗ ಇಆರ್‌ಪಿ ಎನ್ನುತ್ತಾರೆ. ಕೈ ತೊಳೆಯುವವರಿಗೆ 'ತೊಳೆಯಬೇಡಿ' ಎಂದರೆ ಅರ್ಥ ಸ್ಪಷ್ಟ. ಮನಸ್ಸಿನೊಳಗೆ ಮಾಡುವವರಿಗೆ 'ಮಾಡಬೇಡಿ' ಎಂದರೆ ಅವರು ಯೋಚನೆಯನ್ನೇ ತಡೆಯಲು ಹೊರಡುತ್ತಾರೆ, ಬಿಳಿ ಕರಡಿ ಬಂದು ನಿಲ್ಲುತ್ತದೆ. ಆದ್ದರಿಂದ ಸ್ಪಷ್ಟವಾಗಿ ಹೇಳಬೇಕು: ಯೋಚನೆ ಇರಲಿ, ಪ್ರಶ್ನೆ ತೆರೆದೇ ಇರಲಿ, ಆತಂಕ ಇರಲಿ. ನಿಲ್ಲಬೇಕಾದದ್ದು ಉತ್ತರಿಸುವ ಕೆಲಸ ಒಂದೇ. ಇದಕ್ಕೆ ಶ್ರಮ ಹಾಕಬೇಕಾಗಿಲ್ಲ, ಶ್ರಮ ಹಾಕುವುದನ್ನು ಕೈಬಿಡಬೇಕು.

ಆ ಕ್ಷಣದಲ್ಲಿ ಮಾಡಬೇಕಾದದ್ದು ಚಿಕ್ಕದು. ಪ್ರಶ್ನೆ ಎದ್ದಿದೆ ಎಂದು ಒಂದು ಸಲ ಗುರುತಿಸಿ. ಬೇಕಿದ್ದರೆ 'ಇರಬಹುದು, ಇಲ್ಲದಿರಬಹುದು, ಈಗ ಬಗೆಹರಿಸುವುದಿಲ್ಲ' ಎಂದು ಒಂದೇ ಸಲ ಹೇಳಿಕೊಳ್ಳಿ. ಆಮೇಲೆ ಕೈಯಲ್ಲಿದ್ದ ಕೆಲಸಕ್ಕೆ ಮರಳಿ, ಯೋಚನೆ ಪಕ್ಕದಲ್ಲೇ ಇದ್ದರೂ ಸರಿ. ಅದನ್ನು ದಿಟ್ಟಿಸಬೇಕಿಲ್ಲ, ಅದರಿಂದ ಓಡಬೇಕಿಲ್ಲ. ಗಮನ ತಾನಾಗಿ ಅತ್ತ ಹೋದರೆ ಹೋಗಲಿ, ಅಲ್ಲಿ ಹೋದ ಮೇಲೆ ವಾದಕ್ಕೆ ಇಳಿಯದಿದ್ದರೆ ಸಾಕು.

ಆಚರಣೆ ಆಗಲೇ ಶುರುವಾಗಿಬಿಟ್ಟಿದ್ದರೆ? ಗೊತ್ತಾದ ಜಾಗದಲ್ಲೇ ನಿಲ್ಲಿಸಿ, ಅರ್ಧಕ್ಕೇ ಬಿಡಿ. 'ಇದೊಂದು ಮುಗಿಸಿ ನಾಳೆಯಿಂದ' ಎಂಬುದಕ್ಕೆ ಕಿವಿಗೊಡಬೇಡಿ. ಅರ್ಧಕ್ಕೆ ಬಿಟ್ಟ ಆಚರಣೆ ಕೊಡುವ ಕಿರಿಕಿರಿಯಲ್ಲೇ ಹೊಸ ಕಲಿಕೆ ಇದೆ. ಎಷ್ಟೋ ವರ್ಷದ ರೂಢಿಯಿಂದ ಆಚರಣೆ ಮಿಂಚಿನಂತೆ ಮುಗಿದೇ ಹೋಗಿದ್ದರೆ, ಅದನ್ನು ಕೆಡಿಸಿಬಿಡಿ: ಒಳ್ಳೆಯ ಚಿತ್ರ ತಂದು ಮುಚ್ಚಿಯಾಗಿದ್ದರೆ ಮೊದಲಿನ ಚಿತ್ರವನ್ನು ಬೇಕೆಂದೇ ಮತ್ತೆ ಕರೆಯಿರಿ, 'ನಾನು ಅಂಥವನಲ್ಲ' ಎಂದು ಹೇಳಿಯಾಗಿದ್ದರೆ 'ಆಗಿರಲೂಬಹುದು' ಎಂದು ಸೇರಿಸಿ ಅಲ್ಲಿಗೇ ಬಿಡಿ. ಪೂರ್ತಿ ಬಿಡಲು ಸಾಧ್ಯವೇ ಇಲ್ಲ ಅನ್ನಿಸುವ ದಿನ ಹತ್ತು ನಿಮಿಷ ಮುಂದೂಡಿ, ಆಮೇಲೆ ಮತ್ತೆ ಹತ್ತು ನಿಮಿಷ. ಮುಂದೂಡಿದ ಆಚರಣೆ ಎಷ್ಟೋ ಸಲ ಬೇಕು ಅನ್ನಿಸುವುದೇ ಇಲ್ಲ.

ಇದು ಆಕಸ್ಮಿಕವಾಗಿ ಬಂದಾಗಿನ ಮಾತಾಯಿತು. ಬೇಕೆಂದೇ ಎದುರಾಗುವ ಅಭ್ಯಾಸವೂ ಬೇಕು. ಭಯದ ಸಂದರ್ಭಗಳಿಗೆ 0ಯಿಂದ 100ರವರೆಗೆ ಅಂಕ ಕೊಟ್ಟು, 30–40ರ ಸುತ್ತಿನದರಿಂದ ಶುರು ಮಾಡುವುದು ರೂಢಿ. ನಿಲ್ದಾಣದ ಮನುಷ್ಯ ಮೊದಲು ಜನವಿಲ್ಲದ ಹೊತ್ತಿನಲ್ಲಿ, ಆಮೇಲೆ ಜನರ ನಡುವೆ, ಎಲ್ಲರೂ ನಿಲ್ಲುವ ಸುರಕ್ಷಿತ ಗೆರೆಯ ಹಿಂದೆಯೇ ನಿಂತು, ಕೈಯನ್ನು ಜೇಬಿಗೆ ಹಾಕದೆ, 'ನಾನು ತಳ್ಳಬಹುದು' ಎಂದು ಬೇಕೆಂದೇ ಯೋಚಿಸಿ, ಒಳಗೆ ಉತ್ತರ ಕೊಡದೆ ಇರಬೇಕು. ಯಾವ ಅಭ್ಯಾಸದಲ್ಲೂ ಯಾರಿಗೂ ಹಾನಿ ಮಾಡುವ, ಸ್ವಂತ ಮೌಲ್ಯ ಮುರಿಯುವ ಕೆಲಸ ಇರುವುದಿಲ್ಲ, ಇರಬಾರದು.

ಹೊರಗೆ ಎದುರಾಗಲು ಸಂದರ್ಭವೇ ಇಲ್ಲದ ಭಯಗಳಿಗೆ ಬರೆದ ಕಥನ ಕೆಲಸಕ್ಕೆ ಬರುತ್ತದೆ. ಉತ್ತಮ ಪುರುಷದಲ್ಲಿ, ವರ್ತಮಾನ ಕಾಲದಲ್ಲಿ, ಭಯ ಹೇಳುವ ಕಥೆಯನ್ನು ಬರೆಯಿರಿ. ಒಂದು ನಿಮಿಷದಲ್ಲಿ ಓದಿ ಮುಗಿಯುವಷ್ಟು ಚಿಕ್ಕದಾಗಿರಲಿ. ಕೊನೆ ಅನಿಶ್ಚಿತವಾಗಿಯೇ ಇರಲಿ: 'ನಾನು ತಾಗಿಸಿದೆನೋ ಇಲ್ಲವೋ ನನಗೆಂದೂ ತಿಳಿಯುವುದಿಲ್ಲ'. 'ಆದರೂ ನಾನು ಒಳ್ಳೆಯವನು' ಎಂಬ ಒಂದು ಸಾಲು ಸೇರಿದರೂ ಕಥನ ಹಾಳು. ಫೋನಿನಲ್ಲಿ ಸ್ವಂತ ದನಿಯಲ್ಲಿ ಮುದ್ರಿಸಿ, ಮುಗಿದ ಕೂಡಲೇ ಮತ್ತೆ ಶುರುವಾಗುವಂತೆ ಇಟ್ಟು, 20–30 ನಿಮಿಷ ಕೇಳಿ. ಚಿಕ್ಕದಿರಬೇಕು ಎನ್ನಲು ಕಾರಣವಿದೆ: ದೀರ್ಘ ಕಥನದಲ್ಲಿ ಬಿಡುವು ಹೆಚ್ಚು, ಆ ಬಿಡುವಿನಲ್ಲಿ ಮನಸ್ಸು ಸದ್ದಿಲ್ಲದೆ ರದ್ದತಿಯ ಕೆಲಸ ಮುಗಿಸಿಬಿಡುತ್ತದೆ.

ಅಭ್ಯಾಸಕ್ಕೆ ಮುಂಚೆ ಒಂದು ಸಾಲು ಬರೆದಿಡಿ: ಉತ್ತರಿಸದಿದ್ದರೆ ಏನಾಗುತ್ತದೆ ಎಂದು ಭಯ? ಮುಗಿದ ಮೇಲೆ ಏನಾಯಿತು ಎಂದು ಬರೆಯಿರಿ. ಆತಂಕ ಎಷ್ಟು ಇಳಿಯಿತು ಎಂಬುದಕ್ಕಿಂತ ಈ ಎರಡು ಸಾಲುಗಳ ನಡುವಿನ ಅಂತರ ಹೆಚ್ಚು ಕಲಿಸುತ್ತದೆ. ಸತ್ತ ಮೇಲೆ ಏನಾಗುತ್ತದೆ ಎಂಬಂಥ, ಪರೀಕ್ಷಿಸಲಾಗದ ಭಯವಿದ್ದರೆ ಊಹೆಯನ್ನು ಬೇರೆ ಥರ ಬರೆಯಬೇಕು: 'ಉತ್ತರವಿಲ್ಲದೆ ಒಂದು ಗಂಟೆ ಇರಲು ನನ್ನಿಂದಾಗದು.' ಅದನ್ನು ಪರೀಕ್ಷಿಸಬಹುದು.

ಎಲ್ಲಿ ಕೆಡುತ್ತದೆ

ಚಿಕಿತ್ಸೆ ಮಾಡಿದರೂ ಫಲ ಸಿಗುತ್ತಿಲ್ಲ ಎನ್ನುವವರಲ್ಲಿ ನಾನು ಮೊದಲು ಅನುಮಾನಿಸುವುದು ಗುಟ್ಟಿನ ಆಚರಣೆಯನ್ನು. ಹೊರಗೆ ಧೈರ್ಯವಾಗಿ ಎದುರಾಗುತ್ತಾರೆ, ಒಳಗೆ 'ಇದು ಅಭ್ಯಾಸ ಅಷ್ಟೇ, ಡಾಕ್ಟರು ಹೇಳಿದ್ದಾರೆ, ಏನೂ ಆಗಲ್ಲ' ಎಂದು ಹೇಳಿಕೊಳ್ಳುತ್ತಿರುತ್ತಾರೆ. ಗಂಟೆಗಟ್ಟಲೆ ಹಾಗೆ ನಿಂತರೂ ಕಲಿಕೆ ನಡೆಯುವುದಿಲ್ಲ.

ಓಸಿಡಿ ಎಷ್ಟು ಚತುರ ಎಂದರೆ ಚಿಕಿತ್ಸೆಯ ಸಲಕರಣೆಗಳನ್ನೇ ಆಚರಣೆಯಾಗಿಸುತ್ತದೆ. 'ಇದು ಬರೀ ಓಸಿಡಿ' ಎಂದು ಒಂದು ಸಲ ಗುರುತಿಸುವುದು ಒಳ್ಳೆಯದು, ದಿನಕ್ಕೆ ಐವತ್ತು ಸಲ ಹೇಳಿಕೊಳ್ಳುವುದು ಸಮಾಧಾನದ ಮಾತ್ರೆ. 'ಇರಬಹುದು, ಇಲ್ಲದಿರಬಹುದು' ಕೂಡ ಮಂತ್ರವಾಗುತ್ತದೆ. ಉಸಿರಾಟ, ಧ್ಯಾನ ಆತಂಕವನ್ನು ಅಳಿಸುವ ಸಾಧನವಾದರೆ ಅವೂ ಅದೇ ಸಾಲಿಗೆ. 'ಈಗ ಆತಂಕ ಇಳಿಯಿತಾ? ಈಗ?' ಎಂದು ನೋಡಿಕೊಳ್ಳುವುದು ತಪಾಸಣೆ. 'ನಾನು ಆಚರಣೆ ಮಾಡುತ್ತಿಲ್ಲ ತಾನೇ?' ಎಂದು ಕಾವಲು ಕೂರುವುದೂ ತಪಾಸಣೆಯೇ. ಎಲ್ಲಕ್ಕಿಂತ ಜಿಗುಟಾದ ಪ್ರಶ್ನೆ, 'ಇದು ಓಸಿಡಿಯಾ, ಅಥವಾ ನಿಜವಾಗಿ ನಾನು ಹಾಗೆಯೇ?' ಇದು ಗಂಭೀರ, ಅತ್ಯಗತ್ಯ ಪ್ರಶ್ನೆಯಂತೆ ಕಾಣುತ್ತದೆ. ಇದನ್ನೂ ತೆರೆದೇ ಬಿಡಬೇಕು.

ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಯೋಚನೆ ಬಂದಾಗ ಎಳೆದು ಬಿಡುವ, 'ನಿಲ್ಲು' ಎಂದು ಕೂಗುವ ಹಳೆಯ ಉಪಾಯವನ್ನು ಇನ್ನೂ ಕೆಲವರು ಹೇಳಿಕೊಡುತ್ತಾರೆ. ಬೇಡ. ಅದು ಯೋಚನೆಗೆ ಶಿಕ್ಷೆ, ಅಂದರೆ ಯೋಚನೆ ಅಪರಾಧ ಎಂಬ ನಂಬಿಕೆಗೆ ಮುದ್ರೆ. ಹಾಗೆಯೇ ಪ್ರತಿ ಭೇಟಿಯಲ್ಲೂ 'ನೀವು ಹಾಗೆ ಮಾಡುವ ಸಂಭವ ಎಷ್ಟು ಕಡಿಮೆ ನೋಡಿ' ಎಂದು ಯೋಚನೆಯ ವಿಷಯವನ್ನೇ ಚರ್ಚಿಸುವ ಚಿಕಿತ್ಸೆ, ಎಷ್ಟೇ ಒಳ್ಳೆಯ ಮನಸ್ಸಿನದಾದರೂ, ಒಳಗಿನ ವಕೀಲರಿಗೆ ಮೂರನೆಯವನನ್ನು ಸೇರಿಸಿದಂತೆ.

ಮನೆಯವರಿಗೆ

'ನಾನು ಏನೂ ತಪ್ಪು ಮಾಡಿಲ್ಲ ಅಲ್ವಾ?' ಎಂಬ ಪ್ರಶ್ನೆಗೆ ನೀವು ಕೊಡುವ 'ಇಲ್ಲಪ್ಪ, ಖಂಡಿತ ಇಲ್ಲ' ಕೂಡ ಆಚರಣೆಯ ಭಾಗ. ಕೇಳಿದವರು ಅದನ್ನು ಜೋಪಾನವಾಗಿ ಒಳಗೆ ಇಟ್ಟುಕೊಂಡು ಮತ್ತೆ ಮತ್ತೆ ಓಡಿಸುತ್ತಾರೆ, ನೀವು ಹೇಳುವಾಗಿನ ದನಿಯಲ್ಲಿ ಅಳುಕಿತ್ತಾ ಎಂದು ಪರೀಕ್ಷಿಸುತ್ತಾರೆ. ಹಾಗೆಂದು ಇವತ್ತಿನಿಂದ ಬಾಯಿ ಮುಚ್ಚಿಕೊಳ್ಳುವುದು ಕ್ರೌರ್ಯ. ಶಾಂತವಾಗಿರುವ ಹೊತ್ತಿನಲ್ಲಿ ಇಬ್ಬರೂ ಕೂತು ಒಪ್ಪಂದ ಮಾಡಿಕೊಳ್ಳಿ. 'ನಿನಗೆ ಈಗ ಎಷ್ಟು ಕಷ್ಟವಾಗುತ್ತಿದೆ ಅಂತ ಗೊತ್ತು. ಉತ್ತರ ಕೊಟ್ಟರೆ ಕಾಯಿಲೆಗೆ ಸಹಾಯ ಮಾಡಿದ ಹಾಗಾಗುತ್ತೆ. ನಾನು ಇಲ್ಲೇ ಇದ್ದೇನೆ' ಎಂಬಂಥ ಮಾತು ಒಪ್ಪಂದದ ಮೇಲೆ ಬಂದರೆ ಅದು ಆಸರೆಯಾಗುತ್ತದೆ, ಒಪ್ಪಂದವಿಲ್ಲದೆ ಬಂದರೆ ನಿರಾಕರಣೆಯಂತೆ ಕೇಳಿಸುತ್ತದೆ.

ಔಷಧಿ, ಮತ್ತು ವೈದ್ಯರ ಮುಂದೆ

ಔಷಧಿಗಳಲ್ಲಿ ಎಸ್‌ಎಸ್‌ಆರ್‌ಐ ಗುಂಪಿನವು (ಖಿನ್ನತೆಗೂ ಕೊಡುವ ಫ್ಲೂಆಕ್ಸೆಟಿನ್, ಸರ್ಟ್ರಲಿನ್, ಫ್ಲೂವಾಕ್ಸಮಿನ್ ಮುಂತಾದವು) ಮೊದಲ ಆಯ್ಕೆ. ಕ್ಲೊಮಿಪ್ರಮಿನ್ ಹಳೆಯದು, ಪರಿಣಾಮಕಾರಿ, ಅಡ್ಡಪರಿಣಾಮ ಹೆಚ್ಚು. ಖಿನ್ನತೆಗೆ ಕೊಡುವುದಕ್ಕಿಂತ ಓಸಿಡಿಗೆ ಹೆಚ್ಚಿನ ಪ್ರಮಾಣ ಬೇಕಾಗುವುದುಂಟು, ಫಲ ಕಾಣಲು 8ರಿಂದ 12 ವಾರ ಹಿಡಿಯಬಹುದು. ಎರಡು ವಾರಕ್ಕೆ 'ಕೆಲಸ ಮಾಡ್ತಿಲ್ಲ' ಎಂದು ಬಿಡುವುದು ಸಾಮಾನ್ಯ ತಪ್ಪು, ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸುವುದು ಇನ್ನೊಂದು. ಓಸಿಡಿಯ ಜೊತೆ ಖಿನ್ನತೆ ಬರುವುದು ಹೆಚ್ಚು. ಸಾಯುವ ಯೋಚನೆ ಭಯ ಹುಟ್ಟಿಸುವ ಬದಲು ಬಿಡುಗಡೆಯಂತೆ ಕಾಣತೊಡಗಿದರೆ, ಹೇಗೆ ಎಂಬ ಯೋಜನೆ ಮೂಡಿದರೆ, ಮೇಲೆ ಹೇಳಿದ ಯಾವ ಅಭ್ಯಾಸವೂ ಅಲ್ಲಿಗೆ ಅನ್ವಯಿಸುವುದಿಲ್ಲ. ಅದೇ ದಿನ ಯಾರಿಗಾದರೂ ಹೇಳಿ, ತುರ್ತು ಸಹಾಯ ಪಡೆಯಿರಿ.

ತೀವ್ರತೆ ಅಳೆಯಲು ವೈದ್ಯರು ಬಳಸುವ ವೈ-ಬಾಕ್ಸ್ ಮಾಪನ 1989ರದು. ಹತ್ತು ಪ್ರಶ್ನೆ, ಒಟ್ಟು 0ಯಿಂದ 40 ಅಂಕ, ಐದು ಪ್ರಶ್ನೆ ಗೀಳು ಯೋಚನೆಗೆ, ಐದು ಆಚರಣೆಗೆ. ಒಳಗಿನ ಆಚರಣೆಯನ್ನು ನೀವು ಹೇಳದಿದ್ದರೆ ಎರಡನೆಯ ಐದಕ್ಕೆ ಸೊನ್ನೆಯ ಹತ್ತಿರದ ಅಂಕ ಬೀಳುತ್ತದೆ, ಕಾಯಿಲೆ ಅರ್ಧಕ್ಕೆ ಇಳಿದಂತೆ ಕಾಗದದ ಮೇಲೆ ಕಾಣುತ್ತದೆ. ಆದ್ದರಿಂದ ಮೊದಲ ಭೇಟಿಗೆ ಆ ವಾರದ ಟಿಪ್ಪಣಿಯನ್ನೇ ಒಯ್ಯಿರಿ. ಯೋಚನೆಯ ವಿಷಯ ಹೇಳಲು ನಾಲಿಗೆ ಏಳದಿದ್ದರೆ ಮೊದಲ ದಿನ ಅದನ್ನು ಹೇಳದೆಯೂ ಇರಬಹುದು. 'ನನಗೆ ಹೇಳಲು ಭಯವಾಗುವ ಯೋಚನೆಗಳು ಬರುತ್ತವೆ. ಬಂದಾಗ ನಾನು ಮನಸ್ಸಿನಲ್ಲೇ ಇಂತಿಂಥದ್ದು ಮಾಡುತ್ತೇನೆ, ದಿನಕ್ಕೆ ಇಷ್ಟು ಹೊತ್ತು. ನಡುವೆ ಯಾರಾದರೂ ಮಾತಾಡಿಸಿದರೆ ಮೊದಲಿಂದ ಶುರು ಮಾಡಬೇಕಾಗುತ್ತದೆ.' ಓಸಿಡಿ ಬಲ್ಲ ವೈದ್ಯರಿಗೆ ಇಷ್ಟು ಸಾಕು, ಮುಂದಿನ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ. ಆಮೇಲೆ ನೀವೊಂದು ಕೇಳಿ: 'ಮನಸ್ಸಿನೊಳಗಿನ ಆಚರಣೆಗೆ ನೀವು ಇಆರ್‌ಪಿ ಹೇಗೆ ಮಾಡಿಸುತ್ತೀರಿ?'